ಉಪ್ಪು ಹಾಕದ ತುತ್ತು

ಬೆಳಗಿನ ಮೂರಕ್ಕೆ ಬ್ಯಾಲರಟ್‌ನ ಈ ಬೀದಿಯಲ್ಲಿ
ಎದ್ದಿರುವುದು ನಾವಿಬ್ಬರೇ:
ಬೇಕರಿಗೆ ಹೊರಟ ನಾನು, ಉಚ್ಚೆಗೆ ಹೊರಟ ಅವಳು.
ಜುಲೈ ತಿಂಗಳು. ಹುಲ್ಲೆಲ್ಲ ಬಿಳಿ.
ಕೂತೆದ್ದ ಕಡೆ ಅಂಗೈಯಗಲ ಕರಗಿ ಹಬೆಯೇಳುತ್ತದೆ.
ಬಣ್ಣವಿಲ್ಲ, ವಾಸನೆಯಿಲ್ಲ, ಬರೀ ನೀರು.
ಒಳಗಿನ ಜರಡಿ ಹರಿದಿದೆ, ಅಂದರು ಡಾಕ್ಟರ್ ಹೀದರ್,
ಉಳಿಯಬೇಕಾದ್ದು ಸೋರುತ್ತೆ, ಹೋಗಬೇಕಾದ್ದು ಉಳಿಯುತ್ತೆ.
ಹದಿನಾಲ್ಕು ವರ್ಷದ ಕೆಲ್ಪಿ, ಮಾಡುವಂಥದ್ದು ಹೆಚ್ಚಿಲ್ಲ,
ಉಣ್ಣಿಸಿ, ಅಷ್ಟೆ.

ಉಣ್ಣಿಸಿ. ಅಷ್ಟೆ!

ಡಬ್ಬಿಯ ಪಥ್ಯದೂಟಕ್ಕೆ ಮುಖ ತಿರುಗಿಸಿದಳು.
ಬಿಸಿ ಮಾಡಿ ಕೊಟ್ಟೆ, ಎದ್ದೇ ಹೋದಳು.
ಮೆತ್ತಗೆ ಬೆಂದ ಅನ್ನ, ಮೊಟ್ಟೆಯ ಬಿಳಿ ಮಾತ್ರ,
ಹಿಸುಕಿದ ಗೆಣಸು, ಮೇಲೆ ಸುಣ್ಣದಂಥ ಆ ಪುಡಿ;
ನೆಲಕ್ಕೆ ಕೂತು ಉಂಡೆ ಕಟ್ಟಿ
ಇದು ಕಾಗಕ್ಕಂದು, ಇದು ಗುಬ್ಬಕ್ಕಂದು ಅಂದೆ,
ನಲವತ್ತೊಂಬತ್ತು ವರ್ಷದ ಹೆಂಗಸು, ಅಡುಗೆಮನೆಯಲ್ಲಿ, ಕನ್ನಡದಲ್ಲಿ.
ಕಾಗಕ್ಕನ ಪಾಲು ತಿಂದಳು.
ಗುಬ್ಬಕ್ಕನದು ನನ್ನ ಅಂಗೈಯಲ್ಲೇ ಆರಿತು.

ಬಾಡಿಗೆ ಮನೆಯ ಬೀಗದಕೈ ಜೊತೆ ಬಂದವಳು.
ಟ್ರೆಲೋರ್ ಮುದುಕ ಆರೈಕೆಮನೆ ಸೇರುವಾಗ
ಗ್ಯಾಸ್ ಒಲೆ, ಗುಲಾಬಿ ಗಿಡ, ಇವಳು:
ನೋಡ್ಕೋತೀಯಾ ಅಂದಿದ್ದ, ಮೂರಕ್ಕೂ ಸೇರಿಸಿ.
ಅವನಿಟ್ಟ ಹೆಸರು ಡಾಟ್. ನನ್ನ ಬಾಯಲ್ಲಿ ಚುಕ್ಕಿ.
ಎರಡಕ್ಕೂ ಅದೇ ಬಾಲ.

ನಮ್ಮ ಕೇರಿಯಲ್ಲಿ ನಾಯಿಗೆ ಹೇಳಲು
ನನಗೆ ಬರುತ್ತಿದ್ದ ಮಾತು ಒಂದೇ: ಹಚಾ.
ಕೈಯಲ್ಲಿ ಕಲ್ಲೇ ಬೇಕಿರಲಿಲ್ಲ,
ಸುಮ್ಮನೆ ಬಗ್ಗಿದರೆ ಸಾಕು, ಓಡುತ್ತಿದ್ದವು.
ಇವಳು, ನಾನು ಬಗ್ಗಿದರೆ
ಬರುತ್ತಾಳೆ.

ರಾತ್ರಿ, ಕೋಟು ತೂಗುವ ಗೂಟಕ್ಕೆ ಸಲೈನ್ ಚೀಲ.
ಬಿಸಿನೀರಲ್ಲಿಟ್ಟು ಅದರ ಚಳಿ ಬಿಡಿಸಿರುತ್ತೇನೆ.
ಹೆಗಲ ಚರ್ಮ ಎತ್ತಿ ಡೇರೆ ಮಾಡಿ ಸೂಜಿ.
ಮೊದಲ ವಾರ ಆಚೆ ಬದಿಗೆ ತೂರಿ ನನ್ನದೇ ಬೆರಳಿಗೆ ಚುಚ್ಚಿದ್ದೆ,
ಅವಳೇ ನೆಕ್ಕಿದಳು.
ಈಗ ಇಬ್ಬರಿಗೂ ರೂಢಿ. ನೀರು ಗುಡ್ಡೆಯಾಗಿ ನಿಂತು
ನಡೆದಂತೆಲ್ಲ ಮುಂಗಾಲಿಗೆ ಜಾರುತ್ತದೆ,
ಒಂದು ಕಾಲಿಗೆ ಮಾತ್ರ ದಪ್ಪ ಕಾಲುಚೀಲ ಹಾಕಿಕೊಂಡಂತೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತಾರೆ.
ಇವಳು ಉಪ್ಪು ಮುಟ್ಟದೆ ಎಂಟು ತಿಂಗಳು,
ಬಟ್ಟಲು ಬಟ್ಟಲು ಕುಡಿಯುತ್ತಾಳೆ.
ಯಾರು ತಿಂದ ಉಪ್ಪೋ.

ಭಾನುವಾರ ಟ್ರೆಲೋರ್‌ನ ಕೋಣೆ.
ಅವನಿಗೂ ಪಥ್ಯ, ಎಲ್ಲವನ್ನೂ ನುಣ್ಣಗೆ ಅರೆದು
ಐಸ್‌ಕ್ರೀಮಿನ ಚಮಚದಲ್ಲಿ ಗುಂಡಗೆ ಮಾಡಿ ಕೊಡುತ್ತಾರೆ,
ಕ್ಯಾರೆಟ್ಟು ಯಾವುದು ಮೀನು ಯಾವುದು, ಬಣ್ಣ ನೋಡಿ ಹೇಳಬೇಕು.
ಅವನೂ ಮುಖ ತಿರುಗಿಸುತ್ತಾನೆ. ಅದೇ ತಿರುವು.
ನಾನು ಹೂದಾನಿಗೆ ನೀರು ತುಂಬಲು ಎದ್ದೆ,
ಕನ್ನಡಿಯಲ್ಲಿ ಕಂಡಿತು:
ಕಂಬಳಿಯಡಿಯಿಂದ ಬಂತು ಅವನ ನಡುಗುವ ಕೈ,
ಅದರಲ್ಲಿ ಚೀಸ್ ಬಿಸ್ಕತ್ತು. ಮೇಲೆ ಹರಳುಪ್ಪು ಮಿನುಗಿತು.
ಕರುಂ ಅಂದಿತು. ಎಷ್ಟು ದಿನವಾಗಿತ್ತು ಅವಳ ಹಲ್ಲಿನ ಸದ್ದು ಕೇಳಿ.
ಇನ್ನೊಂದು ಸಲ, ಕರುಂ.

ನಲ್ಲಿ ಬಿಟ್ಟೇ ಇದ್ದೆ. ಹೂದಾನಿ ತುಂಬಿ ಹರಿಯಿತು,
ಒಂದೂವರೆ ನಿಮಿಷ ತಿರುಗಲಿಲ್ಲ.

ಆ ರಾತ್ರಿ ಮೂರರ ಬದಲು ಒಂದಕ್ಕೇ ಎಬ್ಬಿಸಿದಳು,
ಮತ್ತೆ ಎರಡಕ್ಕೆ, ಮತ್ತೆ ಎರಡೂವರೆಗೆ.
ಟಾರ್ಚು ಹಿಡಿದು ನಿಂತೆ. ತಪ್ಪು ಯಾರದು ಅಂತ ಯಾರೂ ಕೇಳಲಿಲ್ಲ.
ಡಾಕ್ಟರಿಗೆ ತೋರಿಸುವ ಪುಸ್ತಕದಲ್ಲಿ ಬರೆದೆ:
ಭಾನುವಾರ. ಅನ್ನ, ಕಾಲು ಬಟ್ಟಲು. ವಾಂತಿ ಇಲ್ಲ.
ಬಿಸ್ಕತ್ತು, ಎರಡು. ಉಪ್ಪಿತ್ತು. ಬೇಡಿ ತಿಂದಳು.
ನೀರು, ನೆನಪಿಲ್ಲ, ತುಂಬ.
ಬಾಲಕ್ಕೆ ಅಂಕಣವಿರಲಿಲ್ಲ, ಅಂಚಿನಲ್ಲಿ ಗೀಚಿದೆ,

ಬೇಕರಿಗೆ ತಡವಾಯಿತು.